ಮಿಡ್ ಹಾರ್ನ್‌ಗೆ ಯಾವ ಯೂನಿಟ್? ನಿಮ್ಮ ಅನುಭವ ಹೇಳಿ

ಕಲಬುರಗಿಯಿಂದ ಕೇಳಿದ್ದು:

ನಮ್ಮದು ಸಣ್ಣ ಮೈಕ್‌ಸೆಟ್. ಭಜನೆ, ತತ್ವಪದ, ಮದುವೆ ಇವೇ ಜಾಸ್ತಿ. ಕೆಳಗೆ 15 ಇಂಚಿನ ಮಡಿಕೆ ಬಾಸ್ ಹಾರ್ನ್ (ಒಳದಾರಿ ಮಡಚಿದ್ದು), ಮೇಲೆ 1 ಇಂಚಿನ ಯೂನಿಟ್ (ಹಾರ್ನ್ ಹಿಂದೆ ಕೂತು ದನಿ ಹುಟ್ಟಿಸುವ ಭಾಗ; ಇಂಚು ಅದರ ಹೊರಬಾಯಿಯದು) ಹಾಕಿದ ಸಣ್ಣ ಹಾರ್ನ್. ಹಲಗಿ ಎದೆಗೆ ಬಡಿಯುವ ಹಾಗೆ ಬರುತ್ತದೆ. ಹಾಡಿನ ಮಾತು ಮಾತ್ರ ಹಿಂದಿನ ಸಾಲಿಗೆ ತಿಳಿಯುವುದಿಲ್ಲ. ನಡುವೆ ಒಂದು ಮಿಡ್ ಹಾರ್ನ್ ಸೇರಿಸಬೇಕು. ಯಾವ ಅಳತೆ, ಯಾವ ಯೂನಿಟ್? ಯೂನಿಟ್ ಒಳಗೆ ಅದುರುವ ಡಯಾಫ್ರಾಮ್ ಟೈಟಾನಿಯಂ ಲೋಹದ್ದು ಒಳ್ಳೇದೋ, ಫಿನಾಲಿಕ್ (ರಾಳ ಹಾಕಿ ಗಟ್ಟಿ ಮಾಡಿದ ಬಟ್ಟೆ) ಒಳ್ಳೇದೋ?

ಶಹಾಬಾದಿನಿಂದ:

ತಮ್ಮಾ, ಯೂನಿಟ್ ಮಾತು ಆಮೇಲೆ. ಮೊದಲು ಹಾರ್ನ್ ನೋಡು. ಮಡಿಕೆ ಬಾಸ್ ಹಾರ್ನ್ 300–400 ಹರ್ಟ್ಸ್ ದಾಟಿದ ಮೇಲೆ ದನಿ ತಿರುವುಗಳಲ್ಲೇ ಕಳೆದುಹೋಗುತ್ತದೆ. ನಿನ್ನ 1 ಇಂಚಿನ ಯೂನಿಟ್ ಜೋರಾಗಿ ನಡೆಯಬೇಕಾದರೆ 1,500 ಹರ್ಟ್ಸ್ ಸುತ್ತಮುತ್ತಲಿಂದ ಮೇಲಷ್ಟೇ. ಹಾಡುವವರ ದನಿಗೆ ಮೈ ಬರುವುದು ಈ ಎರಡರ ನಡುವೆ. ನಿನ್ನ ಸೆಟ್‌ನಲ್ಲಿ ಅಲ್ಲೇ ಖಾಲಿ ಬಿದ್ದಿದೆ.

ಹಾರ್ನ್ ಬಾಯಿ ದೊಡ್ಡದಾದಷ್ಟೂ ಅದು ಕೆಳಗಿನ ಸ್ವರಗಳನ್ನೂ ಹಿಡಿದು ಜನರ ಕಡೆಗೆ ಕಳಿಸುತ್ತದೆ. ಅಮೆರಿಕದ ಎಂಜಿನಿಯರ್ ಡಿ. ಬಿ. ಕೀಲ್ 1975ರಲ್ಲಿ ಕೊಟ್ಟ ಲೆಕ್ಕ ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ಹಾರ್ನ್ ದನಿ ಹರಡುವ ಕೋನದ ಡಿಗ್ರಿಯನ್ನು ಬಾಯಿಯ ಅಗಲಕ್ಕೆ, ಮೀಟರ್‌ನಲ್ಲಿ, ಗುಣಿಸು. ಬಂದದ್ದರಿಂದ 25,000ವನ್ನು ಭಾಗಿಸು. 90 ಡಿಗ್ರಿ ಹಾರ್ನ್, ಬಾಯಿ 30 ಸೆಂಟಿಮೀಟರ್ ಇದ್ದರೆ ಕೆಳಗೆ ಸುಮಾರು 930 ಹರ್ಟ್ಸ್‌ವರೆಗೆ ಹಿಡಿತ. 45 ಸೆಂಟಿಮೀಟರ್ ಇದ್ದರೆ 620.

ಎತ್ತರಕ್ಕೂ ಇದೇ ಲೆಕ್ಕ. ನಮ್ಮ ಕಡೆ ಫಂಕ್ಷನ್ ಹಾಲ್ ಅಂದರೆ ಕೆಳಗೆ ಶಹಾಬಾದ್ ಕಲ್ಲು, ಮೇಲೆ ಬೋಳು ಸ್ಲ್ಯಾಬ್. ಮೇಲಕ್ಕೆ ಹೋದ ದನಿ ತಡವಾಗಿ ವಾಪಸ್ ಬಂದು ಮಾತನ್ನು ಕಲಸಿಬಿಡುತ್ತದೆ. 90 ಬೈ 40 (ಅಗಲಕ್ಕೆ 90 ಡಿಗ್ರಿ, ಎತ್ತರಕ್ಕೆ 40) ಅಂತ ಬರೆದಿದ್ದರೂ ಬಾಯಿಯ ಎತ್ತರ 30 ಸೆಂಟಿಮೀಟರ್ ಆದರೆ ಆ 40 ಡಿಗ್ರಿ ಸಿಗುವುದು ಸುಮಾರು 2,080 ಹರ್ಟ್ಸ್‌ನಿಂದ ಮೇಲೆ. ಅದಕ್ಕೇ ಚಪ್ಪಟೆ ಹಾರ್ನ್ ಬೇಡ ಅನ್ನುತ್ತೇನೆ.

ಇನ್ನೊಂದು. 1.4 ಇಂಚಿನ ಮತ್ತು 2 ಇಂಚಿನ ಯೂನಿಟ್‌ಗಳಿಗೆ ಬಹಳಷ್ಟು ಸಲ ನಾಲ್ಕು ಬೋಲ್ಟ್‌ಗಳ ಅಳತೆ ಒಂದೇ ಇರುತ್ತದೆ. ಬೋಲ್ಟ್ ಕೂತಿತು ಅಂತ ನಾನು 1.4ರ ಯೂನಿಟ್ ಅನ್ನು 2 ಇಂಚಿನ ಹಾರ್ನ್‌ಗೆ ಕಟ್ಟಿ ಒಂದು ಸೀಸನ್ ಪೂರ್ತಿ ಈಕ್ವಲೈಜರ್ ತಿರುಗಿಸುತ್ತಾ ಕೂತೆ. ಹೆಣ್ಣುಮಕ್ಕಳ ದನಿ ಎಲ್ಲಾ ಕಡೆ ಸೀಳಿದ ಹಾಗೆ ಕೇಳುತ್ತಿತ್ತು. ಕೊನೆಗೆ ಹಾರ್ನ್ ಬಾಯಿಯಿಂದ ಕೈ ಹಾಕಿ ಬೆರಳು ಆಡಿಸಿದೆ. ಸುತ್ತಲೂ ಮೆಟ್ಟಿಲು! ಯೂನಿಟ್ ಹೊರಬಾಯಿ, ಹಾರ್ನ್ ಒಳಬಾಯಿ ಒಂದೇ ಅಳತೆ ಇರಬೇಕು. ಬೆರಳಿಗೆ ಅಂಚು ತಾಗಬಾರದು. ಕೊಳ್ಳುವ ಮೊದಲೇ ನೋಡಿಕೋ.

ಬೀದರಿನಿಂದ:

ಡಯಾಫ್ರಾಮ್ ವಿಚಾರಕ್ಕೆ ನನ್ನ ಅನುಭವ. ಬರೀ ಮಿಡ್‌ಗೆ, ಮೇಲೆ ಬೇರೆ ಹಾರ್ನ್ ಇದ್ದೇ ಇರುವಾಗ, ನಾನು ಫಿನಾಲಿಕ್ ಹಾಕುತ್ತೇನೆ. ಮೇಲಿನ ಸ್ವರ ಬೇಗ ಇಳಿಯುತ್ತದೆ, ನಿಜ. ಆದರೆ ನಿಮ್ಮಲ್ಲಿ ಆ ಕೆಲಸಕ್ಕೆ 1 ಇಂಚಿನದು ಇದೆಯಲ್ಲ? ಫಿನಾಲಿಕ್ ಒರಟು ಕೈ ತಡೆಯುತ್ತದೆ. ಟೈಟಾನಿಯಂ ಮೇಲಕ್ಕೆ ಚೆನ್ನಾಗಿ ಹೋಗುತ್ತದೆ, ಆದರೆ ಬಹಳ ದಿನ ಜೋರಾಗಿ ಓಡಿಸಿದರೆ ಅಂಚಿನಲ್ಲಿ ಬಿರುಕು ಬಿಡುತ್ತದೆ.

ಡಯಾಫ್ರಾಮ್ ಬದಲಿಸುವಾಗ ಒಂದು ಕೆಲಸ ತಪ್ಪಿಸಬೇಡಿ. ಹಿಂದಿನ ಮುಚ್ಚಳ ಬಿಚ್ಚಿ, ಕಾಯಿಲ್ (ಡಯಾಫ್ರಾಮ್‌ಗೆ ಅಂಟಿದ ತಂತಿ ಸುರುಳಿ) ಕೂರುವ ಸಂದಿಯಲ್ಲಿ ಅಂಟು ಹೊರಗೆ ಬರುವ ಹಾಗೆ ಮಡಚಿದ ಟೇಪ್ ಆಡಿಸಿ. ಹೊರಗೆ ತೆಗೆದಾಗ ಕಬ್ಬಿಣದ ಪುಡಿ ಕರಿ ಗೆರೆಯಾಗಿ ಅಂಟಿಕೊಂಡಿರುತ್ತದೆ. ಟೇಪ್ ಬೆಳ್ಳಗೆ ಬರುವವರೆಗೆ ಬಿಡಬೇಡಿ. ಅದು ಉಳಿದರೆ ಹೊಸ ಕಾಯಿಲ್ ಕೂಡ ಉಜ್ಜಿ ಸುಟ್ಟುಹೋಗುತ್ತದೆ.

ಯಾದಗಿರಿಯಿಂದ:

ದುಡ್ಡು ಕಡಿಮೆ ಇದ್ದರೆ 10 ಇಂಚಿನ ಸ್ಪೀಕರ್ ಅನ್ನೇ ಮಿಡ್ ಹಾರ್ನ್‌ಗೆ ಹಾಕಿ ನೋಡಿ. 300ರಿಂದ 1,500 ಹರ್ಟ್ಸ್‌ವರೆಗೆ ಅದು ಆರಾಮಾಗಿ ನಡೆಯುತ್ತದೆ. ನಾನು ಹಾಗೇ ಮಾಡಿದ್ದೇನೆ. ಡಬ್ಬ ದೊಡ್ಡದಾಗುತ್ತದೆ, ಎತ್ತಲು ಇಬ್ಬರು ಬೇಕು. ಬಯಲಿನ ಜಾತ್ರೆಗೆ ನನಗೆ ಅದೇ ಇಷ್ಟ.

ಕಲಬುರಗಿಯಿಂದ:

ಎಲ್ಲರಿಗೂ ಶರಣು. ನನ್ನ ಗಾಡಿ ಚಿಕ್ಕದು, 10 ಇಂಚಿನ ಡಬ್ಬ ಹಿಡಿಸುವುದಿಲ್ಲ. 2 ಇಂಚಿನ ಫಿನಾಲಿಕ್ ಯೂನಿಟ್, 50 ಸೆಂಟಿಮೀಟರ್ ಬಾಯಿಯ ಹಾರ್ನ್ ಸಿಗುತ್ತಿದೆ. ಬೇರೆ ಆಂಪ್‌ನಿಂದ ಓಡಿಸುತ್ತೇನೆ. ಯೂನಿಟ್ ಸುಡದ ಹಾಗೆ ಏನು ಮಾಡಲಿ?

ಶಹಾಬಾದಿನಿಂದ:

ಚೆನ್ನಾಗಿದೆ, ತಗೋ. ಯೂನಿಟ್ 3 ಅಥವಾ 4 ಇಂಚಿನ ಕಾಯಿಲ್‌ನದ್ದೇ ಅಂತ ಖಾತ್ರಿ ಮಾಡಿಕೋ. ಕ್ರಾಸ್‌ಓವರ್ (ಬಾಸ್‌ಗೂ ಮಿಡ್‌ಗೂ ಸ್ವರ ಪಾಲು ಮಾಡುವ ಗಡಿ) 600–700 ಹರ್ಟ್ಸ್‌ಗೆ ಇಡು, ಕಂಪನಿಯವರು ಬರೆದ ಮಿತಿ ಅದಕ್ಕಿಂತ ಮೇಲಿದ್ದರೆ ಅವರ ಮಾತೇ ಕೇಳು. ದೊಡ್ಡ ಆಂಪ್ ಬೇಡ. ಅಷ್ಟೇ ವಾಟ್‌ನಲ್ಲಿ ಹಾರ್ನ್ ನಿನ್ನ ಬಾಸ್‌ಗಿಂತ 9 ಡೆಸಿಬಲ್ ಜೋರಾಗಿದ್ದರೆ ಬಾಸ್‌ನ 100 ವಾಟ್‌ಗೆ ಇಲ್ಲಿ 12–13 ವಾಟ್ ಸಾಕು.

8 ಓಮ್ ಯೂನಿಟ್ ಆದರೆ ವೈರಿಗೆ ಸರಣಿಯಲ್ಲಿ 47 ಮೈಕ್ರೋಫ್ಯಾರಡ್ ನಾನ್‌ಪೋಲಾರ್ (ಪ್ಲಸ್–ಮೈನಸ್ ಬದಿ ಇಲ್ಲದ) ಕೆಪಾಸಿಟರ್ ಕಟ್ಟು. 420 ಹರ್ಟ್ಸ್ ಸುತ್ತ, ಅದಕ್ಕಿಂತ ಕೆಳಗಿನ ಸ್ವರಗಳನ್ನು ಅದು ತಡೆಯಲು ಶುರು ಮಾಡುತ್ತದೆ. ಆಂಪ್ ಆನ್ ಮಾಡಿದಾಗ ಬರುವ ಧಡ್ ಅನ್ನುವ ಹೊಡೆತ, ಮೈಕ್ ಬಿದ್ದರೆ ಬರುವ ಹೊಡೆತ, ಯಾರಾದರೂ ಬಾಸ್ ವೈರ್ ತಪ್ಪಿ ಚುಚ್ಚಿದರೆ ಬರುವ ಹೊಡೆತ, ಎಲ್ಲದರ ಜೋರು ಅಲ್ಲೇ ತಗ್ಗುತ್ತದೆ. ಕಟ್ಟಿದ ಮೇಲೆ ಸಣ್ಣ ದನಿಯಲ್ಲಿ ಒಂದೇ ಏಕತಾರಿ ನುಡಿಸಿ, ಹಿಂದಿನ ಸಾಲಿಗೆ ಹೋಗಿ ಕೇಳು. ಹೇಗಾಯಿತು ಅಂತ ಇಲ್ಲೇ ಬರಿ.