ಹಿಮಾಲಯನ್‌ಗೆ ಸ್ಪೀಕರ್: ಮೊದಲು ಕರೆಂಟಿನ ಲೆಕ್ಕ, ಆಮೇಲೆ ಹಾಡು

ದಾವಣಗೆರೆಯಿಂದ ಕೇಳಿದ್ದು

ನನ್ನದು 2019ರ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕು. ಹ್ಯಾಂಡಲ್‌ಗೆ ಕಟ್ಟಿಕೊಂಡಿರುವ ಅಗ್ಗದ ಬ್ಲೂಟೂತ್ ಸ್ಪೀಕರ್, ವೇಗ 50 ದಾಟಿದರೆ ಕೇಳಿಸುವುದೇ ಇಲ್ಲ. ಪ್ರತ್ಯೇಕ ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್ ಹಾಕಿಸುವ ಯೋಚನೆ ಇದೆ. ಅಂಗಡಿಯಲ್ಲಿ 500 ವ್ಯಾಟ್‌ನದೊಂದನ್ನು ತೋರಿಸಿದರು. ಬ್ಯಾಟರಿ ತಡೆಯುತ್ತದೆಯೇ? ಹಿಂದೆ ಹೆಂಡತಿ ಕೂರುತ್ತಾಳೆ, ಅವಳಿಗೂ ಕೇಳಿಸಬೇಕು. ಹಾಕಿಸಿಕೊಂಡವರು ದಯವಿಟ್ಟು ಅನುಭವ ತಿಳಿಸಿ.

ಹಾಸನದಿಂದ

ಮೂರು ವರ್ಷದ ಹಿಂದೆ ನನಗೂ ಇದೇ ಬೈಕು, ಇದೇ ಆಸೆ. ಎರಡು ಸಲ ದುಡ್ಡು ಸುರಿದ ಮೇಲೆ ಸರಿಹೋಯಿತು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಆ 500 ವ್ಯಾಟನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಡಬ್ಬದ ಮೇಲಿನ ಸಂಖ್ಯೆ ಬೇಡ, ಆಂಪ್ಲಿಫೈಯರ್‌ನ ಫ್ಯೂಸ್ ಎಷ್ಟರದು ಎಂದು ನೋಡಿ. ನನಗೆ ತೋರಿಸಿದ್ದರಲ್ಲಿ 10 ಆಂಪಿಯರ್ ಫ್ಯೂಸ್ ಇತ್ತು. ಬೈಕ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. ಗುಣಿಸಿದರೆ 140 ವ್ಯಾಟ್. ಒಳಗೆ ಹೋಗುವುದೇ 140 ಆದರೆ ಹೊರಗೆ 500 ಬರಲು ಅದೇನು ಅಕ್ಷಯಪಾತ್ರೆಯೇ? ಕ್ಲಾಸ್ ಡಿ ಆಂಪ್ಲಿಫೈಯರ್ ಆದರೆ ಅದರಲ್ಲಿ ನೂರಕ್ಕೆ 80ರಷ್ಟು ಸ್ಪೀಕರ್‌ಗೆ ಹೋಗುತ್ತದೆ, ಹಳೆಯ ಎಬಿ ಕ್ಲಾಸ್ ಆದರೆ ಅರ್ಧಕ್ಕರ್ಧ ಬಿಸಿಯಾಗಿ ಹಾಳು. ಡಿ ಮಾತ್ರ ತೆಗೆದುಕೊಳ್ಳಿ. ಆರ್‌ಎಂಎಸ್ (ಕ್ಷಣಮಾತ್ರದ ‘ಪೀಕ್’ ಅಲ್ಲ, ಎಡೆಬಿಡದೆ ಕೊಡಬಲ್ಲ ಶಕ್ತಿ) ಎಂದು ಬರೆದ ಅಂಕಿಯನ್ನಷ್ಟೇ ನಂಬಿ.

ಸ್ಪೀಕರ್ ಕೊಳ್ಳುವಾಗ ವ್ಯಾಟ್‌ಗಿಂತ ಸೆನ್ಸಿಟಿವಿಟಿ (ಒಂದು ವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಎಂಬ ಅಂಕಿ) ಕೇಳಿ. 86 ಡೆಸಿಬೆಲ್‌ನ ಸ್ಪೀಕರ್‌ಗೆ 40 ವ್ಯಾಟ್ ಕೊಟ್ಟರೆ ಬರುವ ಸದ್ದು 92ರದಕ್ಕೆ 10 ವ್ಯಾಟ್‌ಗೇ ಬರುತ್ತದೆ. ಬೈಕಿನಲ್ಲಿ ಕರೆಂಟೇ ದುಬಾರಿ, ಹಾಗಾಗಿ ಉಳಿತಾಯ ಇಲ್ಲಿ ಆಗಬೇಕು. ಬಾಸ್‌ನ ಆಸೆಯನ್ನೂ ಬಿಡಿ. ಮೂರೂವರೆ ಇಂಚಿನ ಸ್ಪೀಕರ್‌ನಿಂದ ದಪ್ಪ ಸದ್ದು ಎಳೆಯಲು ಹೋದರೆ ಕೋನ್ ಹರಿಯುತ್ತದೆ. ಅದನ್ನು ನಾನು ಹಣ ಕೊಟ್ಟು ಕಲಿತೆ. ಈಗ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಫಿಲ್ಟರ್‌ನಲ್ಲಿ ತಡೆದಿದ್ದೇನೆ, ಗಾಯಕರ ದನಿ ಸ್ಪಷ್ಟವಾಗಿದೆ.

ಇನ್ನು ಬ್ಯಾಟರಿ. ನಮ್ಮದು 8 ಆಂಪಿಯರ್-ಅವರ್‌ನ ಸಣ್ಣ ಬ್ಯಾಟರಿ. 2017ರ ಏಪ್ರಿಲ್ ನಂತರದ ಬೈಕ್‌ಗಳಲ್ಲಿ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲವಾದ್ದರಿಂದ ಓಡುತ್ತಿರುವಷ್ಟೂ ಹೊತ್ತು ಅದರ ಪಾಲು ಅದಕ್ಕೆ ಹೋಗುತ್ತದೆ. ಮೊದಲ ಸಲ ಹಾಕಿದವರು ಆಂಪ್ಲಿಫೈಯರ್ ತಂತಿಯನ್ನು ನೇರವಾಗಿ ಬ್ಯಾಟರಿಗೆ ಸುತ್ತಿಬಿಟ್ಟಿದ್ದರು. ಕೀಲಿ ತೆಗೆದರೂ ಹಾಡು ನಿಲ್ಲುತ್ತಿರಲಿಲ್ಲ. ಅದನ್ನೇ ಅನುಕೂಲ ಎಂದುಕೊಂಡು ಸಕಲೇಶಪುರದಾಚೆ ಒಂದು ಚಹದಂಗಡಿಯಲ್ಲಿ ಮುಕ್ಕಾಲು ಗಂಟೆ ಹಾಡು ಕೇಳುತ್ತಾ ಕೂತೆ. ಎದ್ದು ಗುಂಡಿ ಒತ್ತಿದರೆ ‘ಟಕ್ ಟಕ್’ ಎಂಬ ಸದ್ದು ಮಾತ್ರ. ಈ ಬೈಕ್‌ಗೆ ಕಿಕ್ಕರ್ ಇಲ್ಲ. ತಳ್ಳೋಣವೆಂದರೆ ಇಂಜೆಕ್ಷನ್ ಬೈಕು, ಎಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ತಿರುಗಲೂ ಕರೆಂಟ್ ಬೇಕು. ಮಳೆಯಲ್ಲಿ ಅಷ್ಟು ಭಾರವನ್ನು ಇಬ್ಬರು ತಳ್ಳಿದೆವು, ಚಹದಂಗಡಿಯವರು ನಗುತ್ತಾ ಹಿಂದಿನಿಂದ ಕೈ ಕೊಟ್ಟರು. ಕೊನೆಗೆ ಒಂದು ಜೀಪಿನ ಬ್ಯಾಟರಿಯಿಂದ ತಂತಿ ಎಳೆದ ಮೇಲೆ ಹೊರಟಿತು.

ಆದ್ದರಿಂದ ರಿಲೇ (ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬಿಡುವ ಸ್ವಿಚ್ಚು) ಇಲ್ಲದೆ ಹಾಕಿಸಬೇಡಿ. ರಿಲೇಯ ಮೇಲೆ ನಾಲ್ಕು ಅಂಕಿ ಇರುತ್ತವೆ: 30ಕ್ಕೆ ಬ್ಯಾಟರಿಯ ಪ್ಲಸ್, ನಡುವೆ ಫ್ಯೂಸ್. 87ರಿಂದ ಆಂಪ್ಲಿಫೈಯರ್‌ಗೆ. 86ಕ್ಕೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ತಂತಿ. 85 ಅರ್ಥ್. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ, ಆಂಪ್ಲಿಫೈಯರ್‌ನ ಬಳಿ ಇಟ್ಟರೆ ನಡುವಿನ ತಂತಿ ಉಜ್ಜಿ ಶಾರ್ಟ್ ಆದಾಗ ಕಾಪಾಡುವವರಿಲ್ಲ.

ಹುಬ್ಬಳ್ಳಿಯಿಂದ

ಹಾಸನದ ಅಣ್ಣಾವ್ರು ಹೇಳಿದ್ದು ಸರಿ. ನಾನು ಇದೇ ಕೆಲಸದವನು, ಕೈಗೆ ಬಂದ ದೂರುಗಳಲ್ಲಿ ಹೆಚ್ಚಿನವು ಅರ್ಥ್‌ನವು. ಆಕ್ಸಿಲರೇಟರ್ ಕೊಟ್ಟಂತೆ ಸ್ಪೀಕರ್‌ನಲ್ಲಿ ‘ಕುಂಯ್’ ಎಂಬ ಸದ್ದು ಏರಿದರೆ ಅದು ಬೈಕಿನ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್‌ನ ಕೂಗು. ಹ್ಯಾಂಡಲ್‌ನ ಪೇಂಟ್ ಹೊಡೆದ ಬೋಲ್ಟ್‌ಗೆ ಅರ್ಥ್ ಕೊಟ್ಟಿರುತ್ತಾರೆ. ತೆಗೆದು ಬ್ಯಾಟರಿಯ ಮೈನಸ್‌ಗೇ ತನ್ನಿ, ಬಹುಪಾಲು ಅಲ್ಲಿಗೇ ನಿಲ್ಲುತ್ತದೆ.

ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟು ನೋಡಿ. ಎಂಜಿನ್ ನಿಂತಾಗ 12.6 ವೋಲ್ಟ್ ಮೇಲಿರಬೇಕು. 3000 ಆರ್‌ಪಿಎಮ್‌ನಲ್ಲಿ, ಹಾಡು ಜೋರಾಗಿರುವಾಗ, 13.5ಕ್ಕಿಂತ ಇಳಿಯಬಾರದು. ಇಳಿದರೆ ನಿಮ್ಮ ಬೈಕ್ ಬ್ಯಾಟರಿಯಿಂದ ಸಾಲ ಮಾಡಿ ಹಾಡುತ್ತಿದೆ ಎಂದರ್ಥ. ಜೋಡಣೆಗೆ ಇನ್ಸುಲೇಷನ್ ಟೇಪ್ ಸುತ್ತಬೇಡಿ, ನಮ್ಮ ಬಿಸಿಲಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ತಂತಿಯ ತುದಿಗೆ ಲಗ್ (ಲೋಹದ ಕೊಂಡಿ) ಒತ್ತಿ, ಬಿಸಿ ಮಾಡಿದರೆ ಬಿಗಿಯುವ ಹೀಟ್‌ಶ್ರಿಂಕ್ ಕೊಳವೆ ಹಾಕಿಸಿ. ಎಲ್ಲಾ ಮುಗಿದ ಮೇಲೆ ಹ್ಯಾಂಡಲ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ, ಯಾವ ತಂತಿಯೂ ಬಿಗಿಯಬಾರದು. ತಂತಿ ಆಂಪ್ಲಿಫೈಯರ್ ಸೇರುವ ಮೊದಲು ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿಹೋಗುತ್ತದೆ.

ಮಂಗಳೂರಿನಿಂದ

ನಾನು ಹಾಕಿಸಿ, ಒಂದು ಮಳೆಗಾಲ ಕಳೆದು, ತೆಗೆಸಿದವನು. ನೂರರ ವೇಗದಲ್ಲಿ ಹೆಲ್ಮೆಟ್‌ನೊಳಗೆ ಗಾಳಿಯ ಸದ್ದೇ 100 ಡೆಸಿಬೆಲ್‌ನ ಆಸುಪಾಸು ಬರುತ್ತದೆ. ಅದನ್ನು ಮೀರಿಸಲು ಹೊರಟರೆ ದಾರಿಯವರಿಗೆಲ್ಲ ಕಛೇರಿ, ನಮಗೆ ಮಾತ್ರ ಅರ್ಧ ಹಾಡು. ಹಿಂದೆ ಕೂತವರಿಗಂತೂ ನಮ್ಮ ಬೆನ್ನೇ ಗೋಡೆ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆ ಮಿತಿಯೊಳಗೆ ಬೈಕಿನಲ್ಲಿ ಹಾಡು ಕೇಳುವುದು ಹೇಗೋ! ನಾವಿಬ್ಬರೂ ಈಗ ಹೆಲ್ಮೆಟ್‌ಗೆ ಇಂಟರ್‌ಕಾಮ್ ಹಾಕಿದ್ದೇವೆ. ಒಂದೇ ಹಾಡು ಇಬ್ಬರಿಗೂ ಬರುತ್ತದೆ, ಮಾತೂ ಆಡಬಹುದು. ಆಂಬುಲೆನ್ಸ್ ಸದ್ದು ಕೇಳಿಸುವಷ್ಟಕ್ಕೇ ಇಡಿ.

ಹಾಸನದಿಂದ ಮತ್ತೆ

ಮಂಗಳೂರಿನವರ ಮಾತು ಹೆದ್ದಾರಿಗೆ ಒಪ್ಪುತ್ತೇನೆ. ಆದರೆ 40–60ರಲ್ಲಿ ಹಳ್ಳಿಯ ದಾರಿ ಸುತ್ತುವಾಗ, ವಿಂಡ್‌ಸ್ಕ್ರೀನ್ ಹಿಂದೆ ಮುಖಕ್ಕೆ ತಿರುಗಿಸಿದ ಸ್ಪೀಕರ್‌ನ ಸುಖವೇ ಬೇರೆ. ಊರು ಬಂದರೆ ಆರಿಸುತ್ತೇನೆ.

ದಾವಣಗೆರೆಯಿಂದ

ಎಲ್ಲರಿಗೂ ವಂದನೆ. ಅಂಗಡಿಗೆ ಮತ್ತೆ ಹೋಗಿ ಫ್ಯೂಸ್ ನೋಡಿದೆ: ಏಳೂವರೆ ಆಂಪಿಯರ್. 500 ಎಲ್ಲಿಂದ ಬರುತ್ತದೆ ಎಂದು ಕೇಳಿದರೆ “ಅದು ಪೀಕ್ ಸರ್, ಪೀಕ್” ಎಂದರು. ಸದ್ಯಕ್ಕೆ ಇಂಟರ್‌ಕಾಮ್‌ನ ಬೆಲೆ ವಿಚಾರಿಸುತ್ತಿದ್ದೇನೆ. ಹಾಡಿನ ಆಯ್ಕೆ ತನ್ನದಾದರೆ ಅಡ್ಡಿಯಿಲ್ಲ ಎಂದು ಮನೆಯಲ್ಲಿ ಒಪ್ಪಿಗೆ ಸಿಕ್ಕಿದೆ.