ಕೌಂಟಿ ಮಂಡಳಿಯ ಆರ್ಡಿನೆನ್ಸ್: ಸುಗ್ರೀವಾಜ್ಞೆಯೇ, ಉಪವಿಧಿಯೇ, ಕಟ್ಟಳೆಯೇ?

ಪದಚರ್ಚೆಯ ಬಳಗದ ಎಲ್ಲರಿಗೂ ನಮಸ್ಕಾರಗಳು.

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿ, ಎಂದರೆ ಸ್ಯಾನ್ ಹೋಸೆ, ಸನ್ನಿವೇಲ್, ಕುಪರ್ಟಿನೋ ಮೊದಲಾದ ಊರುಗಳಿರುವ ಸೀಮೆಯಲ್ಲಿ, ಕನ್ನಡಿಗರ ಮನೆಗಳು ಬಹಳ ಇವೆ. ಮಕ್ಕಳ ಜೊತೆ ಬಂದು ನೆಲೆಸಿದ ಹಿರಿಯರೂ ಇದ್ದಾರೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ. ಇಲ್ಲಿನ ಚುನಾಯಿತ ಕೌಂಟಿ ಮಂಡಳಿಯ ಸಭೆಗಳಲ್ಲಿ ಏನೇನು ತೀರ್ಮಾನವಾಯಿತೆಂಬುದನ್ನು ಅವರಿಗಾಗಿ ಕನ್ನಡದಲ್ಲಿ ಸಂಗ್ರಹಿಸಿ ಬರೆಯುತ್ತಿದ್ದೇನೆ. ಹೆಚ್ಚಿನ ಪದಗಳಿಗೆ ನಮ್ಮ ಪಂಚಾಯಿತಿ, ಪುರಸಭೆಗಳ ಕಾಗದಪತ್ರಗಳಲ್ಲೇ ಪಳಗಿದ ಮಾತು ಸಿಗುತ್ತದೆ: ಕಾರ್ಯಸೂಚಿ, ನಡವಳಿ, ಸೂಚಕರು, ಅನುಮೋದಕರು, ಕೋರಂ, ಸರ್ವಾನುಮತ. ಆದರೆ ಮಂಡಳಿಯ ಕೆಲಸದಲ್ಲಿ ತೀರಾ ಮುಖ್ಯವಾದ ‘ಆರ್ಡಿನೆನ್ಸ್’ ಎಂಬ ಪದಕ್ಕೆ, ಎಂದರೆ ಮಂಡಳಿ ತನ್ನ ಎಲ್ಲೆಯೊಳಗೆ ಮಾಡುವ ಸ್ಥಳೀಯ ಕಾನೂನಿಗೆ, ಮಾತ್ರ ಒಪ್ಪುವ ಕನ್ನಡ ಯಾವುದೆಂದು ತಿಳಿದವರಲ್ಲಿ ಕೇಳಬೇಕಾಗಿದೆ.

ಪತ್ರಿಕೆಗಳ ರೂಢಿಯಂತೆ ಹೋದರೆ ಕೈಗೆ ಮೊದಲು ಸಿಗುವುದು ‘ಸುಗ್ರೀವಾಜ್ಞೆ’. ಸೀತೆಯನ್ನು ಹುಡುಕಲು ಹೊರಟ ವಾನರರು ತಿಂಗಳೊಳಗೆ ಹಿಂದಿರುಗದಿದ್ದರೆ ತಲೆ ಉಳಿಯದೆಂದು ಸುಗ್ರೀವನಿತ್ತ ಕಟ್ಟಪ್ಪಣೆಯ ನೆನಪು ಆ ಪದದಲ್ಲಿದೆ; ವಿಧಾನಮಂಡಲದ ಅಧಿವೇಶನ ಇಲ್ಲದಿರುವಾಗ ರಾಜ್ಯಪಾಲರು ಸಂವಿಧಾನದ 213ನೆಯ ವಿಧಿಯಂತೆ ಹೊರಡಿಸುವ, ಸದನ ಮತ್ತೆ ಸೇರಿದ ಆರು ವಾರಗಳಲ್ಲಿ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುವ ಆಜ್ಞೆಗೆ ಅದು ಸೊಗಸಾಗಿ ಹೊಂದುತ್ತದೆ. ಕೌಂಟಿಯ ಆರ್ಡಿನೆನ್ಸ್ ಇದಕ್ಕೆ ನೇರ ವಿರುದ್ಧವಾದುದು. ಅದು ಮಂಡಳಿಯ ಸಭೆಯಲ್ಲಿಯೇ, ಜನರ ಎದುರಿನಲ್ಲಿಯೇ ಹುಟ್ಟಬೇಕು. ಕ್ಯಾಲಿಫೋರ್ನಿಯಾದ ಕಾನೂನಿನಂತೆ, ಒಂದು ದಿನ ಅದನ್ನು ಮಂಡಿಸಿದ ಮೇಲೆ ಕನಿಷ್ಠ ಐದು ದಿನ ಕಳೆಯದೆ ಅಂಗೀಕರಿಸುವಂತಿಲ್ಲ. ಅಂಗೀಕಾರವಾದ ಮೇಲೂ ಸಾಮಾನ್ಯವಾಗಿ ಮೂವತ್ತು ದಿನಗಳ ನಂತರವೇ ಅದು ಜಾರಿಗೆ ಬರುತ್ತದೆ. ತುರ್ತಿನ ಸಂದರ್ಭದಲ್ಲಿ ಕೂಡಲೇ ಜಾರಿಗೆ ತರಲು ಐವರು ಸದಸ್ಯರ ಪೈಕಿ ನಾಲ್ವರ ಮತ ಬೇಕು. ಇಷ್ಟು ನಿಧಾನವಾಗಿ, ಹಂತಹಂತವಾಗಿ ಸಾಗುವ ಕೆಲಸಕ್ಕೆ ಸುಗ್ರೀವನ ಹೆಸರು ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ನಿದರ್ಶನ ಕೊಡುತ್ತೇನೆ. 2010ರಲ್ಲಿ ಇದೇ ಮಂಡಳಿ, ಕೊಬ್ಬು, ಸಕ್ಕರೆ, ಉಪ್ಪು ಮಿತಿಮೀರಿದ ಮಕ್ಕಳ ಊಟದ ಜೊತೆ ಹೋಟೆಲುಗಳು ಆಟಿಕೆ ಕೊಡಬಾರದೆಂದು 3–2 ಮತಗಳಿಂದ ಆರ್ಡಿನೆನ್ಸ್ ಒಂದನ್ನು ಅಂಗೀಕರಿಸಿತು. ಅದು ಯಾವ ನಗರದ ಆಡಳಿತಕ್ಕೂ ಸೇರದೆ ನೇರವಾಗಿ ಕೌಂಟಿಯ ಕೈಯಲ್ಲಿರುವ ಪ್ರದೇಶಗಳಿಗಷ್ಟೇ ಅನ್ವಯವಾಗುತ್ತಿತ್ತು. ‘ಆಟಿಕೆ ನಿಷೇಧಕ್ಕೆ ಸುಗ್ರೀವಾಜ್ಞೆ’ ಎಂದು ಬರೆದರೆ, ರಾಜ್ಯಪಾಲರೋ ಸರ್ಕಾರವೋ ತರಾತುರಿಯಲ್ಲಿ ಇಡೀ ರಾಜ್ಯಕ್ಕೆ ಹೊರಡಿಸಿದ ಆದೇಶವೆಂದು ಓದುಗರು ತಿಳಿಯುತ್ತಾರೆ. ಒಂದೇ ಮತದ ಅಂತರದಲ್ಲಿ ಬಹಿರಂಗವಾಗಿ ತೀರ್ಮಾನವಾಯಿತೆಂಬ ಸಂಗತಿ ಮರೆಯಾಗುತ್ತದೆ.

‘ಠರಾವು’ ಅಥವಾ ‘ಗೊತ್ತುವಳಿ’ ಎನ್ನೋಣವೆಂದರೆ ಅವು ಮಂಡಳಿಯ ಇನ್ನೊಂದು ಬಗೆಯ ತೀರ್ಮಾನಕ್ಕೆ, ಒಂದೇ ಸಭೆಯಲ್ಲಿ ಮುಗಿಯುವ ನಿರ್ಣಯಕ್ಕೆ, ಬೇಕೇಬೇಕು. ‘ಉಪವಿಧಿ’ ಅಥವಾ ‘ಬೈಲಾ’ ಹೆಚ್ಚು ಹತ್ತಿರದವು. ಆದರೂ ನಮ್ಮಲ್ಲಿ ಉಪವಿಧಿ ಎಂದೊಡನೆ ಸಹಕಾರ ಸಂಘದ ಒಳನಿಯಮಗಳು ನೆನಪಾಗುತ್ತವೆ, ಇಲ್ಲವೇ ಮೇಲಿನ ಸರ್ಕಾರದ ಮಂಜೂರಾತಿಗೆ ಕಾದಿರುವ ಪುರಸಭೆಯ ನಿಯಮಗಳು. ಕ್ಯಾಲಿಫೋರ್ನಿಯಾದ ಸಂವಿಧಾನವಾದರೋ, ರಾಜ್ಯದ ಸಾಮಾನ್ಯ ಕಾನೂನುಗಳಿಗೆ ವಿರೋಧವಾಗದಂತೆ ತನ್ನ ಎಲ್ಲೆಯೊಳಗೆ ಕಟ್ಟುಪಾಡುಗಳನ್ನು ಮಾಡಿ ಜಾರಿಗೊಳಿಸುವ ಅಧಿಕಾರವನ್ನು ಕೌಂಟಿಗೆ ನೇರವಾಗಿಯೇ ಕೊಟ್ಟಿದೆ. ಈ ಸ್ವಂತ ಬಲ ‘ಉಪ’ ಎಂಬ ಮುಂಪ್ರತ್ಯಯದಲ್ಲಿ ಕುಗ್ಗಿಹೋಗುತ್ತದೆ.

ಆದ್ದರಿಂದ ‘ಕಟ್ಟಳೆ’ ಎಂಬ ಪದವನ್ನು ಬಳಸೋಣವೆಂದು ನನಗೆ ತೋರುತ್ತದೆ: ‘ಕೌಂಟಿ ಕಟ್ಟಳೆ’, ‘ಕಟ್ಟಳೆಯ ಮೊದಲ ವಾಚನ’, ‘ತುರ್ತು ಕಟ್ಟಳೆ’. ಹೇಳಲು ಸುಲಭ, ಅರ್ಥವೂ ಸ್ಪಷ್ಟ. ಜಾತಿಯ ಕಟ್ಟುಕಟ್ಟಳೆ, ದೇವಸ್ಥಾನದ ಕಟ್ಟಳೆ ಎಂಬ ಬಳಕೆಗಳಿಂದಾಗಿ ಆ ಪದಕ್ಕೆ ಸಂಪ್ರದಾಯದ ಛಾಯೆ ಅಂಟಿದೆ ಎಂಬ ಆಕ್ಷೇಪ ಬರಬಹುದು. ಅದು ಎಷ್ಟು ಅಡ್ಡಿಯಾದೀತೆಂಬುದನ್ನು ಬೇರೆ ಬೇರೆ ಸೀಮೆಯವರು ಹೇಳಬೇಕು.

ಇದರ ಜೊತೆಗೆ ಇನ್ನೆರಡು ಮಾತು. ಮಂಡಳಿಯ ಚುನಾಯಿತ ಸದಸ್ಯರನ್ನು ಇಲ್ಲಿ ಸೂಪರ್‌ವೈಸರ್ ಎನ್ನುತ್ತಾರೆ. ‘ಮೇಲ್ವಿಚಾರಕ’ ಎಂದರೆ ನಮ್ಮವರಿಗೆ ಅಂಗನವಾಡಿಯ ಮೇಲ್ವಿಚಾರಕಿ ಕಣ್ಣಮುಂದೆ ಬರುವುದರಿಂದ ‘ಮಂಡಳಿ ಸದಸ್ಯ’ ಎಂದೇ ಬರೆಯುತ್ತಿದ್ದೇನೆ. ಚರ್ಚೆಯಿಲ್ಲದೆ ಒಂದೇ ಮತದಲ್ಲಿ ಒಪ್ಪಿಗೆ ಪಡೆಯುವ ದಿನನಿತ್ಯದ ವಿಷಯಗಳ ಗುಂಪಿಗೆ, ಅಂದರೆ ಗುತ್ತಿಗೆಗಳು, ನೇಮಕಗಳು, ಹಿಂದಿನ ಸಭೆಯ ನಡವಳಿ ಇತ್ಯಾದಿಗಳಿಗೆ, ‘ಒಟ್ಟು ಒಪ್ಪಿಗೆಯ ವಿಷಯಗಳು’ ಎಂದಿದ್ದೇನೆ.

ನಮ್ಮಲ್ಲಿ ಕಾರ್ಯಸೂಚಿಯ ಕೊನೆಗೆ ಬರುವ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಎಂಬ ಸಾಲಿಗೆ ಮಾತ್ರ ಇಲ್ಲಿ ಸಾಟಿಯಿಲ್ಲ. ಸ್ಥಳೀಯ ಮಂಡಳಿಗಳ ಸಭೆಗಳು ಬಹಿರಂಗವಾಗಿ ನಡೆಯಬೇಕೆನ್ನುವ ಕ್ಯಾಲಿಫೋರ್ನಿಯಾದ 1953ರ ಬ್ರೌನ್ ಕಾಯ್ದೆಯಂತೆ ಸಾಮಾನ್ಯ ಸಭೆಯ ಕಾರ್ಯಸೂಚಿಯನ್ನು 72 ಗಂಟೆ ಮೊದಲೇ ಪ್ರಕಟಿಸಬೇಕು. ಅದರಲ್ಲಿಲ್ಲದ ವಿಷಯದ ಮೇಲೆ, ಕಾಯ್ದೆಯೇ ಹೇಳಿದ ಕೆಲವು ಅಪವಾದಗಳನ್ನು ಬಿಟ್ಟರೆ, ತೀರ್ಮಾನ ಕೈಗೊಳ್ಳುವಂತಿಲ್ಲ. ಆ ಸಾಲಿನ ಅಭ್ಯಾಸವಿರುವ ಹಿರಿಯರಿಗೆ ಇದನ್ನು ಬಿಡಿಸಿಯೇ ಹೇಳಬೇಕಾಗುತ್ತದೆ.

ಹಳೆಯ ಮೈಸೂರಿನ ಜಿಲ್ಲಾ ಬೋರ್ಡುಗಳ ಅಥವಾ ಮುಂಬಯಿ ಪ್ರಾಂತದ ಕಾಲದ ಧಾರವಾಡದ ಜಿಲ್ಲಾ ಲೋಕಲ್ ಬೋರ್ಡಿನ ಕನ್ನಡ ಕಾಗದಗಳನ್ನು ನೋಡಿದವರು ಬಳಗದಲ್ಲಿದ್ದರೆ, ಬೋರ್ಡು ತಾನೇ ಮಾಡಿದ ನಿಯಮವನ್ನು ಅಲ್ಲಿ ಯಾವ ಪದದಿಂದ ಕರೆದಿದ್ದಾರೆಂದು ದಯವಿಟ್ಟು ತಿಳಿಸಬೇಕು. ‘ಕಟ್ಟಳೆ’ಗಿಂತ ಒಳ್ಳೆಯ ಪದ ಅಲ್ಲಿ ಸಿಕ್ಕರೆ ಅದನ್ನೇ ಬಳಸುತ್ತೇನೆ.