ರಾತ್ರಿ ಕಬಡ್ಡಿ, ಭಾನುವಾರದ ಕ್ರಿಕೆಟ್: 60,000 ರೂಪಾಯಿಗೆ ಯಾವ ಕ್ಯಾಮೆರಾ ತಗೊಳ್ಳಲಿ?

ಪ್ರಶ್ನೆ, ಠಾಣೆಯಿಂದ

ಎಲ್ಲರಿಗೂ ನಮಸ್ಕಾರ. ಮಗಳು ಕಬಡ್ಡಿ ಆಡುತ್ತಾಳೆ. ಪಂದ್ಯಗಳು ಹೆಚ್ಚಾಗಿ ರಾತ್ರಿ, ಪರೇಲ್, ಲಾಲ್‌ಬಾಗ್ ಕಡೆ, ಮಂಡಳದವರು ಹಾಕಿಸಿದ ಲೈಟಿನಲ್ಲಿ. ಭಾನುವಾರ ನಮ್ಮ ಕಡೆಯವರ ಕ್ರಿಕೆಟ್ ಟೀಮ್ ಇದೆ, ಅದರ ಫೋಟೋನೂ ನನ್ನ ತಲೆಗೇ ಬಿದ್ದಿದೆ. ಫೋನಿನಲ್ಲಿ ತೆಗೆದರೆ ಕಬಡ್ಡಿಯಲ್ಲಿ ಕೈಕಾಲು ಎಲ್ಲ ಕಲಸಿಹೋಗುತ್ತದೆ. ಕ್ರಿಕೆಟಿನಲ್ಲಿ ಬ್ಯಾಟ್ ಹಿಡಿದವರು ಯಾರು ಅಂತಲೇ ಗೊತ್ತಾಗಲ್ಲ. ಕೈಯಲ್ಲಿರುವುದು 60,000. ಅಂಗಡಿಯವರು ಎರಡು ಲೆನ್ಸ್ ಇರುವ ಹೊಸ ಕಿಟ್ ತೋರಿಸುತ್ತಿದ್ದಾರೆ. ತಗೊಳ್ಳಲಾ, ಇಲ್ಲ ಹಳೆಯದು ಹುಡುಕಲಾ? ನಿಮ್ಮ ಅನುಭವ ತಿಳಿಸಿ.

ಪರೇಲ್‌ನಿಂದ

ಸರ್, ಆ ಕಿಟ್ ಬೇಡ. ಇಲ್ಲಿನ ಮಂಡಳಗಳ ಪಂದ್ಯ ತೆಗೆಯುವವನು ನಾನು, ಕಾರಣ ಹೇಳುತ್ತೇನೆ.

ಕಿಟ್ ಜೊತೆ ಬರುವ ಝೂಮ್ ಲೆನ್ಸ್ ಪೂರ್ತಿ ಎಳೆದಾಗ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ, ಕೆಲವು 6.3ಕ್ಕೆ, 7.1ಕ್ಕೆ. ಎಫ್ ಅಂದರೆ ಬೆಳಕು ಬಿಡುವ ಕಿಂಡಿಯ ಅಳತೆ, ಅಂಕಿ ಹೆಚ್ಚಾದಷ್ಟೂ ಕಿಂಡಿ ಚಿಕ್ಕದು. ಎಫ್ 1.8 ಲೆನ್ಸಿನಲ್ಲಿ ಒಳಗೆ ಬರುವ ಬೆಳಕಿನ ಹತ್ತನೇ ಒಂದು ಪಾಲು ಮಾತ್ರ 5.6ರಲ್ಲಿ ಬರುತ್ತದೆ. ನಮ್ಮ ಗಲ್ಲಿಯ ಲೈಟಿಗೆ ಐಎಸ್‌ಒ (ಕಡಿಮೆ ಬೆಳಕಿನಲ್ಲೂ ಫೋಟೋ ಬೆಳ್ಳಗೆ ಮಾಡುವ ಸೆಟ್ಟಿಂಗ್) 3200, ಎಫ್ 1.8 ಇಟ್ಟರೆ 1/640 ಸೆಕೆಂಡ್ ಶಟರ್ (ಬೆಳಕು ಒಳಗೆ ಬಿಡುವ ಹೊತ್ತು) ಸಿಗುತ್ತದೆ ಅನ್ನೋಣ. ಅದೇ ಜಾಗದಲ್ಲಿ ಕಿಟ್ ಝೂಮ್ ಹಾಕಿದರೆ 1/60ರ ಹತ್ತಿರ. 1/60ರಲ್ಲಿ ಸಾಲಾಗಿ ನಿಂತು ತೆಗೆಸಿಕೊಳ್ಳುವ ಟೀಮ್ ಫೋಟೋ ಬರುತ್ತದೆ, ರೈಡ್ ಬರುವುದಿಲ್ಲ. ಕಬಡ್ಡಿಗೆ 1/500ಕ್ಕಿಂತ ಕೆಳಗೆ ಇಳಿಯಬೇಡಿ. ಬೇಕಾದರೆ ಐಎಸ್‌ಒ 6400ಕ್ಕೆ ಏರಿಸಿ. ನಾಯ್ಸ್ (ಫೋಟೋದಲ್ಲಿ ಕಾಳುಕಾಳು) ಬಂದರೆ ಬರಲಿ, ಆಮೇಲೆ ಕಡಿಮೆ ಮಾಡಬಹುದು. ಕಲಸಿದ ಕೈಕಾಲಿಗೆ ಆಮೇಲೆ ಏನೂ ಮಾಡಲಾಗದು.

ಇನ್ನೊಂದು ಮಾತು. ಕಬಡ್ಡಿಗೆ ಝೂಮ್ ಅಷ್ಟಾಗಿ ಬೇಡವೇ ಬೇಡ. ಹೆಣ್ಣುಮಕ್ಕಳ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ. ಗಂಡಸರದ್ದು 13, 10. ಅಂಕಣದ ತುದಿಯ ಗೆರೆಯಿಂದ ಎರಡು ಮೀಟರ್ ಹಿಂದೆ ಕೂತರೆ ಮಧ್ಯದ ಗೆರೆ ನಿಮ್ಮಿಂದ 8 ಮೀಟರ್. ಅಲ್ಲಿಂದ 85 ಎಂಎಂ ಲೆನ್ಸ್ (ಎಂಎಂ ಹೆಚ್ಚಾದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ) ಹಾಕಿ ಕ್ಯಾಮೆರಾ ಉದ್ದುದ್ದ ಹಿಡಿದರೆ ಗೆರೆ ದಾಟಿ ಬರುವ ರೈಡರ್ ತಲೆಯಿಂದ ಕಾಲಿನವರೆಗೆ ಸರಿಯಾಗಿ ಕೂರುತ್ತಾಳೆ. ಮುಖ ನಿಮ್ಮ ಕಡೆಗೇ ಇರುತ್ತದೆ. ಹತ್ತಿರ ಬಂದು ಬೋನಸ್ ಗೆರೆಗೆ ಕಾಲು ಚಾಚಿದಾಗ, ಎಲ್ಲರೂ ಮೇಲೆ ಬಿದ್ದು ಹಿಡಿದಾಗ 85 ಇಕ್ಕಟ್ಟಾಗುತ್ತದೆ. ಅದಕ್ಕೆ 50 ಎಂಎಂ. ಪಕ್ಕದಿಂದ ತೆಗೆದರೆ ಬೆನ್ನು, ಮೊಣಕೈ, ಅಂಪೈರ್ ಕಾಲು ಇಷ್ಟೇ ಸಿಗುವುದು ಜಾಸ್ತಿ.

ನನ್ನ ಸಲಹೆ: ಕ್ಯಾನನ್ ಬೇಕಾದರೆ ಹಳೆಯ 7ಡಿ ಮಾರ್ಕ್ 2 ಅಥವಾ 80ಡಿ, ಜೊತೆಗೆ 85 ಎಂಎಂ ಎಫ್ 1.8. ಆ ಲೆನ್ಸ್ 1992ರ ವಿನ್ಯಾಸ, ಫೋಕಸ್ ಇವತ್ತಿಗೂ ಚುರುಕು. ನಿಕಾನ್ ಆದರೆ ಡಿ7500, ಅದೃಷ್ಟ ಇದ್ದರೆ ಡಿ500, ಅದರ ಜೊತೆ ನಿಕಾನಿನದ್ದೇ 85 ಎಂಎಂ ಎಫ್ 1.8ಜಿ. ಎಫ್ 2.8ರ 70-200 ಎಲ್ಲರೂ ಹೇಳುತ್ತಾರೆ. ಲೆನ್ಸ್ ಒಳ್ಳೆಯದೇ, ಆದರೆ ನಿಮ್ಮ ಪೂರ್ತಿ ದುಡ್ಡು ಅದಕ್ಕೇ ಹೋಗುತ್ತದೆ. ಈಗ ಬೇಡ.

ಲೈಟಿನ ವಿಷಯ ಮರೆಯಬೇಡಿ. ನಮ್ಮ ಕರೆಂಟ್ 50 ಹರ್ಟ್ಸ್. ಕಡಿಮೆ ಬೆಲೆಯ ಎಲ್‌ಇಡಿ, ಟ್ಯೂಬ್ ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಕಾಣಲ್ಲ. ಸಾಲಾಗಿ ಹತ್ತು ಫೋಟೋ ಹೊಡೆದರೆ ಕಾಣುತ್ತದೆ: ಒಂದು ಬೆಳ್ಳಗೆ, ಒಂದು ಮಬ್ಬು, ಒಂದರಲ್ಲಿ ಅರ್ಧ ಹಳದಿ. ಇದಕ್ಕೆ ಆಂಟಿ ಫ್ಲಿಕರ್ ಅನ್ನುವ ಸೌಲಭ್ಯ ಬೇಕು. ಬೆಳಕು ಜಾಸ್ತಿ ಇರುವ ಕ್ಷಣಕ್ಕೆ ಸರಿಯಾಗಿ ಶಟರ್ ಬಿಡುತ್ತದೆ. ಮೇಲೆ ಹೇಳಿದ ನಾಲ್ಕರಲ್ಲೂ ಇದೆ. ಮಾರ್ಕ್ 2 ಅಲ್ಲದ, ಅದಕ್ಕೂ ಮೊದಲಿನ 7ಡಿಯಲ್ಲಿ ಇಲ್ಲ, ಹೆಸರು ಒಂದೇ ಅಂತ ಅದನ್ನು ತಂದುಬಿಡಬೇಡಿ.

ಐರೋಲಿಯಿಂದ

ಪರೇಲ್‌ನವರ ಲೆನ್ಸ್ ಲೆಕ್ಕ ಸರಿ. ಬಾಡಿ, ಅಂದರೆ ಲೆನ್ಸ್ ಬಿಟ್ಟ ಕ್ಯಾಮೆರಾ, ಅದರ ವಿಷಯದಲ್ಲಿ ಒಪ್ಪಲ್ಲ. ಅವರು ಹೇಳಿದಂಥ ಹಳೆಯ ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಫೋಕಸ್ ಬಿಂದುವನ್ನು ಆಟಗಾರರ ಮೇಲೆ ಇಟ್ಟುಕೊಂಡೇ ಇರುವುದು ಹೊಸಬರಿಗೆ ಕಷ್ಟ. ನಾನು ಮಗನ ಬ್ಯಾಡ್ಮಿಂಟನ್‌ಗೆ ಕ್ಯಾನನ್ ಆರ್10 ಇಟ್ಟುಕೊಂಡಿದ್ದೇನೆ. 2022ರ ಮಾಡೆಲ್. ಮುಖ, ಕಣ್ಣು ತಾನೇ ಹಿಡಿದುಕೊಂಡು ಹಿಂದೆ ಹೋಗುತ್ತದೆ. ಮೆಕ್ಯಾನಿಕಲ್ ಶಟರ್‌ನಲ್ಲೇ ಸೆಕೆಂಡಿಗೆ 15 ಫೋಟೋ. ಸೆಕೆಂಡ್ ಹ್ಯಾಂಡ್ ಬಾಡಿ ಮಾತ್ರ ತಗೊಂಡು ಆರ್‌ಎಫ್ 50 ಎಂಎಂ ಎಫ್ 1.8 ಹಾಕಿದರೆ ಕಬಡ್ಡಿ ನಡೆಯುತ್ತದೆ. ಆಮೇಲೆ ಅಡಾಪ್ಟರ್ ತಗೊಂಡರೆ ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಹಳೆಯ ಇಎಫ್ ಲೆನ್ಸುಗಳೂ ಚೆನ್ನಾಗಿ ಕೆಲಸ ಮಾಡುತ್ತವೆ.

ಎರಡು ಎಚ್ಚರಿಕೆ ಮಾತ್ರ. ಸೈಲೆಂಟ್ ಶಟರ್ ಹಾಕಬೇಡಿ, ಎಲ್‌ಇಡಿ ಕೆಳಗೆ ಪಟ್ಟೆ ಬರುತ್ತದೆ, ಬೀಸುವ ಬ್ಯಾಟ್ ಬಾಗಿದ ಹಾಗೆ ಕಾಣುತ್ತದೆ. ಬಟನ್ ಒತ್ತಿಹಿಡಿದೇ ಇರಬೇಡಿ, ರಾ ಫೈಲ್‌ನಲ್ಲಿ (ಸಂಸ್ಕರಿಸದ ದೊಡ್ಡ ಫೈಲ್) ಅದರ ಬಫರ್, ಅಂದರೆ ಕಾರ್ಡಿಗೆ ಹೋಗುವ ಮೊದಲು ಫೋಟೋ ನಿಲ್ಲುವ ಜಾಗ, ಬೇಗ ತುಂಬುತ್ತದೆ. ಸರಿಯಾದ ಹೊತ್ತಿಗೆ ಕ್ಯಾಮೆರಾ ಸುಮ್ಮನೆ ಕೂತುಬಿಡುತ್ತದೆ.

ಪರೇಲ್‌ನಿಂದ

ಮೇಡಂ, ಬ್ಯಾಡ್ಮಿಂಟನ್‌ನಲ್ಲಿ ಆ ಕಡೆ ಒಬ್ಬರೇ. ಕಬಡ್ಡಿಯಲ್ಲಿ ಒಂದು ಕಡೆ ಏಳು ಜನ, ರೈಡರ್ ಸೇರಿ ಎಂಟು ಮುಖ. ಕ್ಯಾಮೆರಾ ಯಾವ ಮುಖ ಹಿಡಿಯುತ್ತದೋ ಅದರ ಇಷ್ಟ. ನಾನು ಒಂದೇ ಬಿಂದು ಇಟ್ಟು ರೈಡರ್ ಎದೆಯ ಮೇಲೆ ಕೂರಿಸುತ್ತೇನೆ. ಆದರೂ ದುಡ್ಡು ಹೊಂದಿದರೆ ಆರ್10 ಬೇಡ ಅನ್ನುವುದಿಲ್ಲ. ಲೆನ್ಸಿಗೆ ದುಡ್ಡು ಉಳಿಯಬೇಕು, ಅಷ್ಟೇ ನನ್ನ ಹಟ.

ಮಾಟುಂಗಾದಿಂದ

ಕ್ರಿಕೆಟ್ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ! ಅದು ಸುಲಭ, ಹಗಲು ಬೆಳಕು ಇದೆ. ಕ್ಯಾನನ್ ತಗೊಂಡರೆ 55-250 ಎಸ್‌ಟಿಎಂ ಲೆನ್ಸ್ ಸಾಕು. ಹಳೆಯದು ಕಡಿಮೆಗೆ ಸಿಗುತ್ತದೆ, ಹಗುರ, ಬೆಲೆಗೆ ಮೀರಿದ ಲೆನ್ಸ್. ಎಸ್‌ಟಿಎಂ ಅಂತ ಬರೆದದ್ದೇ ನೋಡಿ ತಗೊಳ್ಳಿ, ಅದಕ್ಕಿಂತ ಹಿಂದಿನದು ಫೋಕಸ್‌ನಲ್ಲಿ ನಿಧಾನ. 1/1000, ಎಫ್ 5.6 ಇಡಿ. ಮಳೆಗಾಲದ ಮೋಡ ಇದ್ದರೆ ಐಎಸ್‌ಒ 800, 1600 ಮಾಡಿ. ಮುಂಬೈಯ ಮಳೆಗಾಲದ ಕ್ರಿಕೆಟ್ ಪಂದ್ಯಾವಳಿ ಕಾಂಗಾ ಲೀಗ್ 1948ರಿಂದ ಮಳೆಯಲ್ಲೇ ನಡೆಯುತ್ತಿದೆ, ಆ ಬೂದು ಬೆಳಕಿನಲ್ಲೇ ನಾನು ಕಲಿತದ್ದು. ಕೆಸರು ಹಾರಿಸಿಕೊಂಡು ಓಡುವ ಬೌಲರ್ ಫೋಟೋ ಬಿಸಿಲಿನಲ್ಲಿ ಎಲ್ಲಿ ಸಿಗಬೇಕು?

ಆಜಾದ್ ಮೈದಾನದಲ್ಲಿ ಕಷ್ಟ ಬೇರೆ. ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಪಿಚ್ ಪಕ್ಕ ನಿಂತಿರುತ್ತಾನೆ. ಫೋಟೋದ ಹಿಂದೆ ಹತ್ತಾರು ಬಿಳಿ ಬಟ್ಟೆ. ನೆಲಕ್ಕೆ ಕೂತು ತೆಗೆಯಿರಿ, ಹಿಂದೆ ಮರ ಬರುವ ದಿಕ್ಕು ಹುಡುಕಿ. ಮತ್ತೆ ಕಣ್ಣು ಕ್ಯಾಮೆರಾದಲ್ಲೇ ಇಟ್ಟುಕೊಂಡು ಮೈಮರೆಯಬೇಡಿ, ಚೆಂಡು ಪಕ್ಕದ ಪಂದ್ಯದಿಂದಲೂ ಬರುತ್ತದೆ.

ಪುಣೆಯಿಂದ

ನಾನು ಚಾಕಣ್, ಜುನ್ನರ್ ಕಡೆ ಎತ್ತಿನ ಗಾಡಿ ಶರ್ಯತ್ತು (ಓಟದ ಪಂದ್ಯ) ತೆಗೆಯುತ್ತೇನೆ. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟ ಮೇಲೆ ಮತ್ತೆ ಜೋರಾಗಿ ನಡೆಯುತ್ತಿದೆ. ಊರಲ್ಲಿ ಕಂಬಳ ತೆಗೆದವರಿಗೆ ಇದು ಹೊಸದಲ್ಲ, ನೀರಿನ ಬದಲು ಧೂಳು. ಕಂಬಳದಲ್ಲಿ 1/1600 ಇಟ್ಟು ನೀರಿನ ಹನಿ ನಿಲ್ಲಿಸುತ್ತೇವೆ. ಇಲ್ಲಿ ಅದೇ ಮಾಡಿದರೆ ಗಾಡಿ ನಿಂತುಕೊಂಡ ಹಾಗೆ ಕಾಣುತ್ತದೆ, ಓಟವೇ ಮಾಯ. ಹಾಗಾಗಿ 1/100ರ ಆಸುಪಾಸು ಇಟ್ಟು, ಎತ್ತುಗಳ ಜೊತೆಗೇ ಸೊಂಟ ತಿರುಗಿಸುತ್ತಾ ತೆಗೆಯುತ್ತೇನೆ. ಮುಖ ಸ್ಪಷ್ಟ, ಹಿಂದಿನ ಜನ ಗೆರೆಗೆರೆ. ಹತ್ತರಲ್ಲಿ ಒಂದೆರಡು ಬಂದರೆ ಖುಷಿ ಪಡಬೇಕು. ಇದಕ್ಕೆ ದುಬಾರಿ ಲೆನ್ಸ್ ಏನೂ ಬೇಡ, ಕಿಟ್ ಝೂಮ್ ಕೂಡ ಆಗುತ್ತದೆ. ಠಾಣೆಯವರು ಸೈಕಲ್ ರೇಸ್, ಓಟ ತೆಗೆಯುವುದಿದ್ದರೆ ನೆನಪಿಟ್ಟುಕೊಳ್ಳಿ.

ಧೂಳಿನಲ್ಲಿ ಲೆನ್ಸ್ ಬದಲಿಸಬೇಡಿ. ಗಾಜಿನ ಮೇಲಿನ ಧೂಳನ್ನು ಕರ್ಚೀಫಿನಿಂದ ಉಜ್ಜಬೇಡಿ, ಮೊದಲು ರಬ್ಬರ್ ಬ್ಲೋಯರ್‌ನಿಂದ ಊದಿ.

ನಿಕಾನ್ ತಗೊಳ್ಳುವವರಿಗೆ ಒಂದು ಮಾತು. ಹಳೆಯ 80-200 ಎಫ್ 2.8 ಎಎಫ್-ಡಿ ಲೆನ್ಸ್ ಅಗ್ಗಕ್ಕೆ ಕಾಣುತ್ತದೆ. ಅದರೊಳಗೆ ಮೋಟಾರ್ ಇಲ್ಲ. ಡಿ7000 ಸಾಲಿನ ಬಾಡಿಗಳಲ್ಲಿ, ಡಿ500ನಲ್ಲಿ ಆಟೋಫೋಕಸ್ ಆಗುತ್ತದೆ. ಡಿ3000, ಡಿ5000 ಸಾಲಿನವುಗಳಲ್ಲಿ ಆಗಲ್ಲ, ಕೈಯಲ್ಲೇ ತಿರುಗಿಸಬೇಕು. ಓಡುವ ಆಟಕ್ಕೆ ಅದು ಸಾಧ್ಯವಾ?

ಫೋರ್ಟ್‌ನಿಂದ

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಡು-ತಗೊಳ್ಳುವ ಕೆಲಸ ನನ್ನದು. ಇಲ್ಲಿನ ಕ್ಯಾಮೆರಾ ಅಂಗಡಿಗಳ ಬೋರಾ ಬಜಾರ್‌ಗೆ ಬರುವವರು ಬೆಲೆ ಕೇಳುತ್ತಾರೆ, ಕ್ಯಾಮೆರಾ ನೋಡುವುದಿಲ್ಲ. ನೋಡುವುದು ಹೀಗೆ.

ಮೊದಲು ಶಟರ್ ಎಷ್ಟು ಓಡಿದೆ ಕೇಳಿ. 7ಡಿ ಮಾರ್ಕ್ 2, ಡಿ500 ಎರಡೂ 2 ಲಕ್ಷ ಕ್ಲಿಕ್‌ಗೆ ಪರೀಕ್ಷೆ ಆದವು, 80ಡಿ 1 ಲಕ್ಷಕ್ಕೆ. ಅಷ್ಟು ದಾಟಿದರೆ ಸತ್ತೇ ಹೋಗುತ್ತದೆ ಅಂತಲ್ಲ, ಬೆಲೆ ಇಳಿಸಿ ಕೇಳಬಹುದು ಅಂತ. ನಿಕಾನಿನಲ್ಲಿ ಒಂದು ಫೋಟೋ ತೆಗೆದು ಅದರ ವಿವರ ಓದುವ ಸಾಫ್ಟ್‌ವೇರ್‌ಗೆ ಹಾಕಿದರೆ ಲೆಕ್ಕ ಸಿಗುತ್ತದೆ. ಹಳೆಯ ಕ್ಯಾನನ್‌ಗಳಲ್ಲಿ ಕ್ಯಾಮೆರಾವನ್ನೇ ಕಂಪ್ಯೂಟರ್‌ಗೆ ಜೋಡಿಸಬೇಕು, ಲ್ಯಾಪ್‌ಟಾಪ್ ತನ್ನಿ. ಮಾರುವವನು ಬೇಡ ಅಂದರೆ ನೀವೂ ಬೇಡ ಅನ್ನಿ.

ಲೆನ್ಸಿನ ಎರಡೂ ಮುಚ್ಚಳ ತೆಗೆದು ಒಂದು ಕಡೆಯಿಂದ ಫೋನ್ ಟಾರ್ಚ್ ಬಿಡಿ, ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಧೂಳಿನ ಕಣ ಇದ್ದರೆ ಚಿಂತೆ ಇಲ್ಲ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಫಂಗಸ್, ಮುಂಬೈಯಲ್ಲಿ ಇದೇ ದೊಡ್ಡ ರೋಗ. ಆಮೇಲೆ ಎಫ್ 16 ಇಟ್ಟು ಬಿಳಿ ಗೋಡೆಯ ಫೋಟೋ ತೆಗೆದು ಅದರಲ್ಲಿ ಕಲೆ ಇದೆಯಾ ನೋಡಿ. ಕೊನೆಗೆ ಅಂಗಡಿಯಿಂದ ಹೊರಗೆ ಬನ್ನಿ. ಎದುರಿಗೆ ಬರುವ ಟ್ಯಾಕ್ಸಿ ಮೇಲೆ ಕಂಟಿನ್ಯೂಯಸ್ ಫೋಕಸ್ (ಚಲಿಸುವುದನ್ನು ಬಿಡದೆ ಹಿಂಬಾಲಿಸುವ ಫೋಕಸ್) ಇಟ್ಟು ಒಂದು ಸಾಲು ಫೋಟೋ ಹೊಡೆಯಿರಿ. ನಂಬರ್ ಪ್ಲೇಟ್ ಸಾಲಿನುದ್ದಕ್ಕೂ ಓದಲು ಬಂದರೆ ಸರಿ. ಒಳಗೆ ಕೂತು ಕೌಂಟರ್ ಮೇಲಿನ ಗಣಪತಿ ಫೋಟೋ ತೆಗೆದರೆ ಎಲ್ಲ ಕ್ಯಾಮೆರಾನೂ ಚೆನ್ನಾಗೇ ಇರುತ್ತದೆ!

ಬಾಡಿ ಮೇಲಿನ ಸೀರಿಯಲ್ ನಂಬರ್, ಬಿಲ್ಲಿನಲ್ಲಿರುವುದು ಒಂದೇ ಇರಬೇಕು. ಬಿಲ್ ಇಲ್ಲದ್ದು ಎಷ್ಟೇ ಅಗ್ಗ ಆದರೂ ಬೇಡ.

ಮಡಗಾಂವ್‌ನಿಂದ

ಗೋವಾದಿಂದ ಸ್ವಲ್ಪ ಸೇರಿಸುತ್ತೇನೆ. ನಾನು ಸಂಜೆ ಫುಟ್‌ಬಾಲ್, ಮಳೆಗಾಲ ಮುಗಿದ ಮೇಲೆ ಅಶ್ವೆ ಬೀಚ್ ಕಡೆ ಸರ್ಫಿಂಗ್ ತೆಗೆಯುತ್ತೇನೆ. ಕ್ಯಾಮೆರಾ ತಗೊಳ್ಳುವಾಗ ಅದನ್ನು ಇಡುವ ಡಬ್ಬಿಗೂ ದುಡ್ಡು ತೆಗೆದಿಡ್ರಿ. ದೊಡ್ಡದೇನೂ ಅಲ್ಲ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮೀಟರ್. ಮೀಟರ್ ನೂರಕ್ಕೆ 40ರಿಂದ 50ರೊಳಗೆ ಇದ್ದರೆ ಸಾಕು. ಬ್ಯಾಗಿನಲ್ಲೇ ಹಾಕಿ ಕಪಾಟಿನಲ್ಲಿ ಮುಚ್ಚಿಟ್ಟರೆ ಒಂದೇ ಮಳೆಗಾಲಕ್ಕೆ ಲೆನ್ಸ್ ಹೋಗುತ್ತದೆ. ಎಸಿ ಕೋಣೆಯಿಂದ ನೇರ ಹೊರಗೆ ತಂದರೆ ಗಾಜು ಮಂಜಾಗುತ್ತದೆ, ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ. ಸಮುದ್ರದ ಕಡೆಯಿಂದ ಬಂದ ದಿನ ಒದ್ದೆ ಬಟ್ಟೆ ಹಿಂಡಿ ಬಾಡಿ ಒರೆಸಿ, ಆಮೇಲೆ ಒಣ ಬಟ್ಟೆ. ಉಪ್ಪು ಕೂತರೆ ಬಟನ್‌ಗಳು ಗಟ್ಟಿಯಾಗುತ್ತವೆ.

ಸ್ಟೆಬಿಲೈಸೇಶನ್ ಇದೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ಅದು ನಿಮ್ಮ ಕೈ ನಡುಕ ತಡೆಯುತ್ತದೆ, ಓಡುವವರ ಕಾಲು ತಡೆಯುವುದಿಲ್ಲ.

ಠಾಣೆಯಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಿಟ್ ವಿಚಾರ ಬಿಟ್ಟೆ. 80ಡಿ, 85, 55-250 ಅಂತ ಮನಸ್ಸು ಮಾಡಿದ್ದೇನೆ, ಚೌಕಾಸಿ ಮಾಡಿದರೆ ಮೂರೂ ಬಜೆಟ್ಟಿನೊಳಗೆ ಬರಬಹುದು ಅನಿಸುತ್ತದೆ. ಕಾರ್ಡ್ ಯಾವುದು? ಸ್ಟ್ಯಾಂಡ್ ಬೇಕಾ? 85 ನನ್ನ ಕೈಗೆ ಹೊಂದುತ್ತದಾ ಅಂತ ಕೊಳ್ಳುವ ಮೊದಲು ನೋಡುವುದು ಹೇಗೆ?

ಪರೇಲ್‌ನಿಂದ

ಕಾರ್ಡ್ ಮೇಲೆ ವಿ30 ಅಂತ ಬರೆದಿರಬೇಕು. ಸೆಕೆಂಡಿಗೆ ಕಡಿಮೆ ಅಂದರೂ 30 ಎಂಬಿ ಬರೆಯುತ್ತದೆ ಅಂತ ಅರ್ಥ. 64 ಜಿಬಿಯ ಎರಡು ತಗೊಳ್ಳಿ, 128ರದ್ದು ಒಂದು ಬೇಡ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಬ್ಯಾಟರಿಯೂ ಒಂದು ಹೆಚ್ಚಿಗೆ. ಈ ಲೆನ್ಸುಗಳಿಗೆ ಸ್ಟ್ಯಾಂಡ್ ಬೇಡ. 150-600ರಂಥ ಭಾರದ್ದು ತಗೊಂಡಾಗ ಮೋನೊಪಾಡ್ (ಒಂಟಿ ಕಾಲಿನ ಸ್ಟ್ಯಾಂಡ್) ನೋಡೋಣ. ದೊಡ್ಡ ಸ್ಟೇಡಿಯಂಗೆ ಟಿಕೆಟ್ ತಗೊಂಡು ಹೋಗಿ ತೆಗೆಯುವ ಆಸೆ ಇದ್ದರೆ ಬಿಡಿ, ಗೇಟಿನಲ್ಲೇ ಕ್ಯಾಮೆರಾ ತಡೆಯುತ್ತಾರೆ. ಮಗಳ ಟೀಮಿನ ಫೋಟೋ ಎಲ್ಲಾದರೂ ಹಾಕುವ ಮೊದಲು ಉಳಿದ ಹುಡುಗಿಯರ ಮನೆಯವರನ್ನೂ ಒಂದು ಮಾತು ಕೇಳಿ.

ಲೆನ್ಸ್ ನೋಡಬೇಕಾದರೆ ಮುಂಬೈಯಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ, ಆಧಾರ್, ಡೆಪಾಸಿಟ್ ಕೇಳುತ್ತಾರೆ. ಅದೂ ಯಾಕೆ, ಶನಿವಾರ ರಾತ್ರಿ ಎಂಟಕ್ಕೆ ನಮ್ಮ ಗಲ್ಲಿಯಲ್ಲಿ ಪಂದ್ಯ ಇದೆ. ನನ್ನ ಹತ್ತಿರ ಎರಡು ಬಾಡಿ ಇವೆ, ಒಂದಕ್ಕೆ 85 ಹಾಕಿ ಕೊಡುತ್ತೇನೆ. ನಿಮ್ಮ ಕಾರ್ಡ್ ಮಾತ್ರ ತನ್ನಿ ಸರ್.